ಜೆಪಿಜಿ ಎಂದ ಮಾತ್ರಕ್ಕೆ ಫೋಟೋ ಆಗುವುದಿಲ್ಲ

ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇಗುಲ ಕಟ್ಟಿದ್ದು 1246ರಲ್ಲಿ. ಅದರ ಶಿಲ್ಪಗಳ ಫೋಟೋಗಳನ್ನು ಪ್ರವಾಸಿಗರೇ ಏರಿಸುವಂಥ ವೆಬ್‌ಸೈಟ್ ಮಾಡಹೊರಟ ಆ ಊರಿನ ಓದುಗರೊಬ್ಬರ ಪ್ರಶ್ನೆ: ಫೈಲಿನ ಹೆಸರು 'ಜೆಪಿಜಿ' ಎಂದು ಮುಗಿದಿದ್ದರೆ ಸಾಕೇ?

ಸಾಲದು.

ಹೆಸರನ್ನು ಯಾರು ಬೇಕಾದರೂ ಬದಲಿಸಬಹುದು. ಸೆಟ್ಟಿಂಗ್ ಸಡಿಲವಿದ್ದರೆ 'ಗೋಪುರ.ಪಿಎಚ್‌ಪಿ.ಜೆಪಿಜಿ' ಎಂಬ ಫೈಲನ್ನು ಅಪಾಚೆ ಸರ್ವರ್ ಚಿತ್ರವೆಂದಲ್ಲ, ಪಿಎಚ್‌ಪಿ ಭಾಷೆಯ ಕೋಡ್ ಎಂದೇ ಓಡಿಸೀತು. ಆಮೇಲೆ ಸೈಟ್ ಕಳ್ಳನ ಕೈಗೆ. 2020ರ ಸೆಪ್ಟೆಂಬರ್‌ನಲ್ಲಿ ವರ್ಡ್‌ಪ್ರೆಸ್‌ನ 'ಫೈಲ್ ಮ್ಯಾನೇಜರ್' ಪ್ಲಗಿನ್ ಇನ್ನೂ ಕೆಟ್ಟ ಲೋಪದಿಂದ ಸುದ್ದಿಯಾಯಿತು: ಲಾಗಿನ್ ಇಲ್ಲದೆಯೇ ಪಿಎಚ್‌ಪಿ ಫೈಲ್ ತೂರಿಸಬಹುದಿತ್ತು. ಆ ಪ್ಲಗಿನ್ ಸುಮಾರು 7 ಲಕ್ಷ ಸೈಟ್‌ಗಳಲ್ಲಿತ್ತು. 6.9ನೇ ಆವೃತ್ತಿಯಲ್ಲಿ ದೋಷ ಸರಿಹೋಯಿತು.

ಈ ಓದುಗರು ಫೈಲಿನ ಒಳಗನ್ನೇ ಪರೀಕ್ಷಿಸಿ, ಚಿತ್ರವನ್ನು ಸರ್ವರಿನಲ್ಲಿ ಹೊಸದಾಗಿ ಉಳಿಸಿಕೊಳ್ಳಬೇಕು. ಹೆಸರನ್ನೂ ಸರ್ವರೇ ಇಡಲಿ, ಗಾತ್ರಕ್ಕೆ ಮಿತಿಯಿರಲಿ. ಎಲ್ಲಕ್ಕಿಂತ ಮೊದಲು, ಅಪ್‌ಲೋಡ್ ಫೋಲ್ಡರಿನಲ್ಲಿ ಯಾವ ಕೋಡೂ ಓಡದಂತೆ ಬಂದೋಬಸ್ತ್ ಮಾಡಿಯೇ ಸೈಟ್ ತೆರೆಯಲಿ.