ಪೇಲಿಯೋ-ಇಂಡಿಯನ್ ಮಾನವ ಅವಶೇಷಗಳು: ಪರೀಕ್ಷಾ ಟಿಪ್ಪಣಿ

1. ಪೇಲಿಯೋ-ಇಂಡಿಯನ್ನರು: ಅಮೆರಿಕ ಖಂಡಗಳ ಆದಿ ನಿವಾಸಿಗಳು. ಭಾರತಕ್ಕೆ ಸಂಬಂಧವಿಲ್ಲ. ನರ್ಮದಾ ಮಾನವ (ಹಥ್ನೋರಾ, ಮಧ್ಯಪ್ರದೇಶ, 1982) ಬೇರೆಯೇ ವಿಷಯ.

2. ವಲಸೆ ಮಾರ್ಗ: ಹಿಮಯುಗದಲ್ಲಿ ಸಮುದ್ರಮಟ್ಟ ಇಳಿದು ಸೈಬೀರಿಯ–ಅಲಾಸ್ಕ ನಡುವೆ ತೆರೆದುಕೊಂಡಿದ್ದ ಭೂಭಾಗ, ಬೆರಿಂಜಿಯಾ.

3. ಕೆನ್ನೆವಿಕ್ ಮಾನವ (ಅತಿ ಮುಖ್ಯ)
- ಪತ್ತೆ: 1996, ಕೊಲಂಬಿಯಾ ನದಿ ದಂಡೆ, ವಾಷಿಂಗ್ಟನ್ ರಾಜ್ಯ (ರಾಜಧಾನಿ ವಾಷಿಂಗ್ಟನ್ ಡಿ.ಸಿ. ಅಲ್ಲ)
- ವಯಸ್ಸು: ಸುಮಾರು 8,500 ವರ್ಷ
- ಸೊಂಟದ ಮೂಳೆಯಲ್ಲಿ ಕಲ್ಲಿನ ಈಟಿಮೊನೆ
- ತಲೆಬುರುಡೆಯ ಆಕಾರ ನೋಡಿ ಮೂಲನಿವಾಸಿಯಲ್ಲ ಎಂದು ಕೆಲವರು ವಾದಿಸಿದ್ದರು; 2015ರ ಡಿಎನ್‌ಎ ಅದನ್ನು ತಳ್ಳಿಹಾಕಿತು. ಬುರುಡೆಯ ಆಕಾರವೊಂದರಿಂದಲೇ ವಂಶ ನಿರ್ಧರಿಸಬಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯಿಲ್ಲ.
- 2017ರಲ್ಲಿ ಮೂಲನಿವಾಸಿ ಬುಡಕಟ್ಟುಗಳಿಂದ ಮರುಸಂಸ್ಕಾರ. ದೀರ್ಘ ಕಾನೂನು ಹೋರಾಟದ ನಂತರ ದಕ್ಕಿದ ನ್ಯಾಯ.

4. ಆನ್‌ಜಿಕ್-1: ಮೊಂಟಾನಾ, 1968. ಕ್ಲೋವಿಸ್ ಸಂಸ್ಕೃತಿಯ ಗಂಡುಮಗು, ಸುಮಾರು 12,800 ವರ್ಷ ಹಳೆಯದು. ಜೀನೋಮ್ ಪ್ರಕಟಣೆ 2014: ಇಂದಿನ ಮೂಲನಿವಾಸಿಗಳೊಂದಿಗೆ ನೇರ ನಂಟು.

5. ನಾಯಾ: ಮೆಕ್ಸಿಕೊದ ಯುಕಟಾನ್‌ನ ನೀರೊಳಗಿನ ಗುಹೆ, 2007, ಹದಿಹರೆಯದ ಹುಡುಗಿ.

6. ಲೂಜಿಯಾ: ಬ್ರೆಜಿಲ್. 2018ರ ರಿಯೊ ಮ್ಯೂಸಿಯಂ ಬೆಂಕಿಯಲ್ಲಿ ಹಾನಿ. ಬಹುಭಾಗ ಮರಳಿ ಸಿಕ್ಕಿತು.

ಗೊಂದಲ ಬೇಡ: ಕ್ಲೋವಿಸ್ (ಸುಮಾರು 13,000 ವರ್ಷ) ಮೊದಲ ನೆಲೆಯಲ್ಲ. ಚಿಲಿಯ ಮಾಂಟೆ ವರ್ಡೆ, ನ್ಯೂ ಮೆಕ್ಸಿಕೊದ ವೈಟ್ ಸ್ಯಾಂಡ್ಸ್ ಹೆಜ್ಜೆಗುರುತುಗಳು (21,000–23,000 ವರ್ಷ, ವರದಿ 2021) ಅದಕ್ಕಿಂತ ಹಳೆಯವೆಂದು ಕಾಲನಿರ್ಣಯ. ಹೆಜ್ಜೆಗುರುತು ಕುರುಹು ಮಾತ್ರ, ಅಸ್ಥಿಯಲ್ಲ.