ಹಳೆ ಟ್ರಂಪೆಟ್ಟಿನ ಮೈ ಕೆರೆಯಬೇಡ, ತಮ್ಮಾ

ತಮ್ಮಾ, ಅಜ್ಜನ ಟ್ರಂಪೆಟ್ ನಿನ್ನ ಕೈಗೆ ಬಂದದ್ದು ಕೇಳಿ ಬಹಳ ಸಂತೋಷವಾಯಿತು. ದಾಂಡೇಲಿ, ಹಳಿಯಾಳದ ಮದುವೆ ಮೆರವಣಿಗೆಗಳಲ್ಲಿ ವರ್ಷಗಟ್ಟಲೆ ಮೊಳಗಿದ ವಾದ್ಯ ಅದು. ಹುಬ್ಬಳ್ಳಿಗೆ ಒಯ್ದು ಬಫಿಂಗ್ ಮಾಡಿಸಿ ಹೊಸದರ ಹಾಗೆ ಮಾಡಿಸುತ್ತೀಯಂತೆ. ಅದೊಂದು ಬೇಡ. ಯಾಕೆ ಅಂತ ಈ ಕಾಕಾ ಹೇಳುವುದನ್ನು ಸ್ವಲ್ಪ ಕೇಳು.

ಟ್ರಂಪೆಟ್ಟಿನ ಮೈಮೇಲೆ ಬಣ್ಣವಿಲ್ಲದ ತೆಳ್ಳನೆಯ ಮೆರುಗೆಣ್ಣೆ ಬಳಿದಿರುತ್ತಾರೆ. ಬ್ಯಾಂಡಿನವರ ಮಾತಿನಲ್ಲಿ ಲ್ಯಾಕರ್. ಎಡಗೈ ಹಿಡಿಯುವಲ್ಲಿ, ವಾಲ್ವುಗಳ ಸುತ್ತ, ಬೆವರಿನ ಉಪ್ಪು ಅದನ್ನು ತಿಂದುಹಾಕಿದೆ. ಅಲ್ಲಿ ಹಿತ್ತಾಳೆ ಗಾಳಿಗೆ ತೆರೆದುಕೊಂಡು ಕಂದಾಗಿದೆ. ಈ ಕಂದು ಬಣ್ಣ ರೋಗವಲ್ಲ. ಎಲ್ಲ ಕಡೆ ಸಮನಾಗಿ ಹರಡಿದ್ದರೆ ಒಳಗಿನ ಲೋಹಕ್ಕೆ ಅದೇ ಕಾವಲು. ಕೆರೆದು ತೆಗೆದರೆ ತಿಂಗಳೊಪ್ಪತ್ತಿನಲ್ಲಿ ಮತ್ತೆ ಬರುತ್ತದೆ. ಪ್ರತಿ ಸಲವೂ ಒಂದಿಷ್ಟು ಲೋಹವನ್ನು ಕಳೆದುಕೊಂಡೇ ಬರುತ್ತದೆ.

ಬೆಲ್ಲು, ಅಂದರೆ ವಾದ್ಯದ ಅಗಲ ಬಾಯಿ, ಅದರ ತಗಡು ಸುಮಾರು ಅರ್ಧ ಮಿಲಿಮೀಟರ್ ಅಷ್ಟೇ. ನಿಮ್ಮವ್ವ ದೀಪಾವಳಿಗೆ ಸಮೆ ದೀಪಗಳನ್ನು ಹುಣಸೆಹಣ್ಣು, ಪೀತಾಂಬರಿ ಹಾಕಿ ತಿಕ್ಕುತ್ತಾಳಲ್ಲ, ಅವು ಎರಕದ ದಪ್ಪ ಹಿತ್ತಾಳೆ, ತಡೆದುಕೊಳ್ಳುತ್ತವೆ. ಈ ತಗಡು ತಡೆಯುವುದಿಲ್ಲ. ಬಫಿಂಗ್ ಚಕ್ರ ಇನ್ನೂ ಕ್ರೂರ. ಬೆಲ್ಲಿನ ಮೇಲೆ ಕೆತ್ತಿದ ತಯಾರಕರ ಹೆಸರನ್ನೂ ಅದು ಸವೆಸಿಬಿಡುತ್ತದೆ. ಕೆತ್ತನೆಯಲ್ಲಿ ಮೀರತ್ ಎಂದು ಇದೆಯೇ ನೋಡು. ಉತ್ತರ ಪ್ರದೇಶದ ಆ ಊರಿನ ಜಲಿ ಕೋಠಿಯಲ್ಲಿ ಬ್ಯಾಂಡ್ ವಾದ್ಯಗಳನ್ನು ಮಾಡುವುದೇ ಕಸುಬು. 1885ರಲ್ಲಿ ಶುರುವಾದ ನಾದಿರ್ ಅಲಿ ಕಂಪನಿ ಅಲ್ಲಿಯದೇ. ನಮ್ಮ ದೇಶದ ಮದುವೆ ಬ್ಯಾಂಡುಗಳಿಗೆ ಅಲ್ಲಿಂದ ವಾದ್ಯ ಬಂದಷ್ಟು ಬೇರೆಲ್ಲಿಂದಲೂ ಬಂದಿರಲಿಕ್ಕಿಲ್ಲ. ಆ ಅಕ್ಷರ ಅಳಿಸಿದರೆ ಅಜ್ಜನ ವಾದ್ಯದ ಹುಟ್ಟೂರನ್ನೇ ಅಳಿಸಿದ ಹಾಗೆ.

ನೀನು ನಿಜವಾಗಿ ಕಣ್ಣಿಡಬೇಕಾದ್ದು ಬೇರೆ. ಮೌತ್‌ಪೀಸ್ ಕೂಡಿಸುವ ಮೊದಲ ಕೊಳವೆಯನ್ನು ಹಗಲು ಬೆಳಕಿಗೆ ಹಿಡಿದು ನೋಡು. ನಸುಗೆಂಪು ಚುಕ್ಕೆಗಳಿದ್ದು, ಚುಕ್ಕೆಯ ನಡುವೆ ಕಪ್ಪು ಬೊಟ್ಟಿದ್ದರೆ ಅದು ಒಳಗಿನಿಂದ ಬಂದ ರೋಗ. ಹಿತ್ತಾಳೆಯಲ್ಲಿ ಹೆಚ್ಚುಕಡಿಮೆ 70 ಪಾಲು ತಾಮ್ರ, 30 ಪಾಲು ಸತು. ಉಸಿರಿನ ತೇವ, ಉಗುಳು, ಬಾಯಲ್ಲಿ ಉಳಿದ ಅನ್ನದ ಅಂಶ ಕೊಳವೆಯಲ್ಲಿ ಕೂತು ಸತುವನ್ನು ಕರಗಿಸುತ್ತ ಹೋಗುತ್ತವೆ. ಉಳಿಯುವುದು ಟೊಳ್ಳಾದ ಕೆಂಪು ತಾಮ್ರ. ಮೇಲಿಂದ ಎಷ್ಟು ಪಾಲಿಶ್ ಮಾಡಿದರೂ ಇದು ವಾಸಿಯಾಗದು, ಕೊಳವೆಯನ್ನೇ ಬದಲಿಸಬೇಕು. ಅದು ಬಾರದಂತೆ ನೋಡಿಕೊಳ್ಳುವುದು ಮಾತ್ರ ಸುಲಭ: ಊದುವ ಮುಂಚೆ ಬಾಯಿ ಮುಕ್ಕಳಿಸು. ಎಲೆಯಡಿಕೆ ಹಾಕಿಕೊಂಡು ಊದುವವರನ್ನು ನೋಡಿ ಕಲಿಯಬೇಡ.

ತಿಂಗಳಿಗೊಮ್ಮೆ ಸ್ನಾನ ಮಾಡಿಸು. ಉಗುರುಬೆಚ್ಚನೆಯ ನೀರು, ಪಾತ್ರೆ ತೊಳೆಯುವ ಮೆತ್ತನೆಯ ಸೋಪು, ಅಷ್ಟು ಸಾಕು. ನೀರು ಸುಡುವಂತಿದ್ದರೆ ಉಳಿದ ಲ್ಯಾಕರ್ ಸಿಪ್ಪೆಯಂತೆ ಎದ್ದು ಬರುತ್ತದೆ. ವಾಲ್ವುಗಳನ್ನು ತೆಗೆದಿಟ್ಟು, ಒಂದರ ಜಾಗದಲ್ಲಿ ಇನ್ನೊಂದು ಹೋಗದಂತೆ ನಂಬರು ನೋಡಿ ಹಾಕು. ಹಸಿರು ಕಿಲುಬು ಕಂಡರೆ ಒದ್ದೆ ಬಟ್ಟೆಯಿಂದ ಒರೆಸು. ಬಿಡದಿದ್ದರೆ ಬಿದಿರು ಕಡ್ಡಿಯಿಂದ ಮೆಲ್ಲಗೆ ಎಬ್ಬಿಸು. ಚಾಕು ಬೇಡ, ಥಿನ್ನರ್ ಬೇಡವೇ ಬೇಡ.

ಇನ್ನು ನಮ್ಮ ಕುಳಗಿಯ ಮಳೆ. ಮಿರಗ ಹಿಡಿದ ಮೇಲೆ ತಿಂಗಳುಗಟ್ಟಲೆ ಗೋಡೆಯೇ ಒಣಗದ ಈ ಕಾಡಿನಲ್ಲಿ ಪೆಟ್ಟಿಗೆಯೊಳಗಿನ ಮಖಮಲ್ಲು ತೇವ ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಒದ್ದೆ ವಾದ್ಯವನ್ನು ಅದರೊಳಗೆ ಮುಚ್ಚಿಡಬೇಡ. ಒರೆಸಿ, ಗಾಳಿಯಾಡಿಸಿ, ಹಳೆ ಹತ್ತಿ ಬಟ್ಟೆಯಲ್ಲಿ ಸುತ್ತಿಡು. ರಬ್ಬರ್ ಬ್ಯಾಂಡ್ ಸುತ್ತಬೇಡ, ಅದರಲ್ಲಿರುವ ಗಂಧಕ ಲೋಹವನ್ನು ಕಪ್ಪಾಗಿಸುತ್ತದೆ. ಎಡಗೈ ಜಾಗಕ್ಕೆ ಚರ್ಮದ ಕವಚ ಕಟ್ಟುತ್ತೀಯಾದರೆ ಊದಿದ ಮೇಲೆ ಪ್ರತಿ ಸಲ ಬಿಚ್ಚಿ ಒರೆಸು, ಇಲ್ಲದಿದ್ದರೆ ಬೆವರು ಅದರಡಿಯಲ್ಲೇ ಕೊಳೆಯುತ್ತದೆ.

ಕೊಬ್ಬರಿ ಎಣ್ಣೆ ಹಚ್ಚಿದರೆ ತುಕ್ಕು ಬಾರದೆಂದು ಯಾರಾದರೂ ಹೇಳಿಯಾರು, ಕಾಡಿನ ಜೇನುಮೇಣ ತಂದುಕೊಟ್ಟಾರು. ಎರಡರಲ್ಲೂ ಹುಳಿ ಅಂಶವಿದೆ. ದಿನ ಕಳೆದಂತೆ ತಾಮ್ರದೊಡನೆ ಕೂಡಿ ಹಸಿರಾಗುತ್ತವೆ. ಕಾರಿಗೆ ಹಚ್ಚುವ, ಉಜ್ಜುಪುಡಿ ಸೇರದ ಕಾರ್ನೌಬಾ ಮೇಣ ದಾಂಡೇಲಿಯಲ್ಲಿ ಸಿಗದಿದ್ದರೆ ಹುಬ್ಬಳ್ಳಿಯಲ್ಲಿ ಸಿಗುತ್ತದೆ. ಬಫಿಂಗಿಗೆ ಎತ್ತಿಟ್ಟ ದುಡ್ಡಿನಲ್ಲಿ ಅದೊಂದು ಡಬ್ಬಿ ತಾ. ತೊಳೆದು ಪೂರ್ತಿ ಒಣಗಿದ ಮೈಗೆ, ಲ್ಯಾಕರ್ ಇರುವಲ್ಲಿ ಇಲ್ಲದಲ್ಲಿ ಎಲ್ಲ ಕಡೆ, ತೆಳುವಾಗಿ ಸವರಿ ಮೆತ್ತನೆ ಬಟ್ಟೆಯಿಂದ ಒರೆಸು. ಮಳೆಗಾಲಕ್ಕೆ ಮೊದಲೊಮ್ಮೆ, ಮದುವೆ ಸುಗ್ಗಿ ಮುಗಿದ ಮೇಲೊಮ್ಮೆ ಹಚ್ಚಿದರಾಯಿತು.

ಒಂದು ಕಡೆ ಮಾತ್ರ ನಾನೇ ಹೊಸ ಲೇಪನ ಮಾಡಿಸು ಎನ್ನುತ್ತೇನೆ: ಮೌತ್‌ಪೀಸ್. ಅದರ ಅಂಚಿನ ಬೆಳ್ಳಿ ಸವೆದು ಹಿತ್ತಾಳೆ ತುಟಿಗೆ ತಾಗುತ್ತಿದ್ದರೆ ತಡಮಾಡದೆ ಬೆಳ್ಳಿ ಲೇಪನ ಮಾಡಿಸು, ಅಲ್ಲಿಯವರೆಗೆ ಬೇರೆ ಮೌತ್‌ಪೀಸ್ ಇಟ್ಟುಕೊಂಡು ಊದು.