ಕಡತಗಳಲ್ಲಿ ಕಂಡ ಒಂದು ಕಾಲೇಜಿನ ಬಹುತ್ವ

ಒಂದು ವಿದ್ಯಾಸಂಸ್ಥೆಯು ಯಾರು ಯಾರಿಗೆ ಬಾಗಿಲು ತೆರೆಯಿತೆಂಬುದು ಅದರ ಉತ್ಸವಗಳ ಭಾಷಣಗಳಿಂದ ತಿಳಿಯುವಂಥದಲ್ಲ. ಅದಕ್ಕೆ ಹಳೆಯ ಕಡತಗಳನ್ನೇ ಬಿಚ್ಚಬೇಕು. ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ 1850ರಲ್ಲಿ ಸ್ಥಾಪಿತವಾದ ಮಹಿಳಾ ವೈದ್ಯಕೀಯ ಕಾಲೇಜು ಇದಕ್ಕೆ ಒಳ್ಳೆಯ ನಿದರ್ಶನ. ಸ್ತ್ರೀಯರಿಗೆ ವೈದ್ಯಪದವಿ ನೀಡಲೆಂದೇ ಹುಟ್ಟಿದ ಈ ಸಂಸ್ಥೆಯ ದಾಖಲೆಪತ್ರಗಳು ಕಾಲಾಂತರದಲ್ಲಿ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ವಶಕ್ಕೆ ಬಂದವು.

ಅವುಗಳಲ್ಲಿ ಅತಿ ಪ್ರಸಿದ್ಧವಾದುದು 1885ರ ಅಕ್ಟೋಬರ್ 10ರ ಒಂದು ಛಾಯಾಚಿತ್ರ. ಸೀರೆಯುಟ್ಟ ಆನಂದೀಬಾಯಿ ಜೋಶಿ, ಕಿಮೋನೊ ಧರಿಸಿದ ಜಪಾನಿನ ಕೇಯಿ ಒಕಾಮಿ, ತನ್ನ ನಾಡಿನ ಉಡುಗೆಯಲ್ಲಿರುವ ದಮಾಸ್ಕಸ್ಸಿನ ಸಬಾತ್ ಇಸ್ಲಾಂಬೂಲಿ: ಮೂವರೂ ಒಟ್ಟಿಗೆ ಕುಳಿತಿದ್ದಾರೆ. ಚಿತ್ರ ಮನೋಹರವಾದುದು, ಆದರೆ ಅದರಡಿಯ ಬರಹವನ್ನು ಇದ್ದಂತೆಯೇ ನಂಬಲಾಗದು. ಅಲ್ಲಿ ಮೂವರ ಹೆಸರಿಗೂ ಡಾಕ್ಟರ್ ಪದವಿ ಸೇರಿದೆ. ಆನಂದೀಬಾಯಿ ಪದವೀಧರೆಯಾದುದು 1886ರಲ್ಲಿ, ಒಕಾಮಿ 1889ರಲ್ಲಿ, ಇಸ್ಲಾಂಬೂಲಿ 1890ರಲ್ಲಿ. ಆನಂದೀಬಾಯಿಯಾದರೋ 1887ರ ಫೆಬ್ರವರಿಯಲ್ಲೇ ಪುಣೆಯಲ್ಲಿ ತೀರಿಕೊಂಡಳು. ಅಂದಮೇಲೆ ಈ ಮೂವರು ಏಕಕಾಲದಲ್ಲಿ ವೈದ್ಯರಾಗಿದ್ದ ದಿನವೇ ಇಲ್ಲ! ಸಬಾತಳ ಹೆಸರು ಅಲ್ಲಿ ತಬಾತ್ ಎಂದಾಗಿದೆ. ಆನಂದೀಬಾಯಿಯ ಊರು ಸೆರಾನಿಸೋರ್ ಎಂದಿದೆ. ಉಚ್ಚಾರಸಾಮ್ಯದಿಂದ ಅದನ್ನು ಮೈಸೂರಿನ ಕಡೆಗೆ ಎಳೆಯಲು ಕನ್ನಡಿಗರಿಗೆ ಆಸೆಯಾದರೂ ಆದೀತು. ಆದರೆ ಕಲ್ಯಾಣದಲ್ಲಿ ಜನಿಸಿದ ಆಕೆ 1883ರಲ್ಲಿ ಹಡಗು ಹತ್ತುವ ಮುನ್ನ ಬಂಗಾಳದ ಸೆರಾಂಪುರದಲ್ಲಿದ್ದಳೆಂಬುದು ಬೇರೆ ಆಧಾರಗಳಿಂದ ಸ್ಪಷ್ಟ. ಒಂದು ದಾಖಲೆಯ ತಪ್ಪನ್ನು ಇನ್ನೊಂದು ದಾಖಲೆಯೇ ತಿದ್ದಬೇಕು.

ಚಿತ್ರಕ್ಕಿಂತ ಹೆಚ್ಚು ಮಾತನಾಡುವುದು 1883ರಲ್ಲಿ ಆಕೆ ಬರೆದ ಪ್ರವೇಶದ ಅರ್ಜಿ. ನಿಯಮಿತ ಅರ್ಹತೆಗಳೆಲ್ಲ ತನಗಿಲ್ಲವೆಂದು ಆಕೆ ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತಾಳೆ. ಬಂಧುಮಿತ್ರರ ಹಾಗೂ ಜಾತಿಯವರ ವಿರೋಧವನ್ನು ದಾಟಿ ಬಂದ ತನ್ನನ್ನು ವಿಶೇಷವೆಂದು ಪರಿಗಣಿಸಬೇಕೆಂದು ಬೇಡುತ್ತಾಳೆ. ಪುರುಷ ವೈದ್ಯನ ಚಿಕಿತ್ಸೆಗಿಂತ ಮರಣವೇ ಲೇಸೆನ್ನುವ ತನ್ನ ನಾಡಿನ ಸ್ತ್ರೀಯರಿಗಾಗಿ ಈ ವಿದ್ಯೆ ಬೇಕೆಂಬುದು ಆಕೆಯ ವಾದ. ಕಾಲೇಜು ಆಕೆಯನ್ನು ಸೇರಿಸಿಕೊಂಡಿತು. ನಿಯಮ ಸಡಿಲಿಸಿದ ಆ ಔದಾರ್ಯದ ಅರಿವು ಛಾಯಾಚಿತ್ರದಿಂದ ಆಗುವುದಿಲ್ಲ.

ಇನ್ನೊಂದು ಮಾತು. ಸಮುದ್ರದಾಚೆಯಿಂದ ಬಂದವರು ಕಣ್ಣಿಗೆ ಬೇಗ ಬೀಳುತ್ತಾರೆ. ಅದೇ ಊರಿನ ಕಪ್ಪು ಜನಾಂಗದ ವಿದ್ಯಾರ್ಥಿನಿ ಬೀಳುವುದಿಲ್ಲ. ರೆಬೆಕಾ ಕೋಲ್ ಇದೇ ಕಾಲೇಜಿನಿಂದ 1867ರಲ್ಲಿ, ಎಂದರೆ ಆ ಚಿತ್ರಕ್ಕೆ 18 ವರ್ಷ ಮೊದಲೇ, ಪದವಿ ಪಡೆದಳು. ಬರಿಯ ಹೆಸರು ಓದಿದವನಿಗೆ ಆಕೆ ಯಾರೆಂದು ತಿಳಿಯುವ ಬಗೆಯೆಂತು? ಆಕೆ 1863ರಲ್ಲಿ ವ್ಯಾಸಂಗ ಮುಗಿಸಿದುದು ಫಿಲಡೆಲ್ಫಿಯಾದಲ್ಲಿ ಕಪ್ಪು ಜನಾಂಗದ ಮಕ್ಕಳಿಗಾಗಿಯೇ ಇದ್ದ ಶಾಲೆಯಲ್ಲಿ. ಆ ಶಾಲೆಯ ವೃತ್ತಾಂತವನ್ನು ಕಾಲೇಜಿನ ಪಟ್ಟಿಯೊಡನೆ ಹೋಲಿಸಿ ನೋಡಿದಾಗ ಆಕೆಯ ಹಿನ್ನೆಲೆ ಬೆಳಗುತ್ತದೆ. ಕಣ್ಣು ಮತ್ತು ಅದರ ಉಪಾಂಗಗಳನ್ನು ಕುರಿತು ಆಕೆ ಪದವಿಗಾಗಿ ಬರೆದ ಪ್ರಬಂಧವಂತೂ ಇದೆ.

ಹಾಗೆಯೇ ಒಮಾಹಾ ಬುಡಕಟ್ಟಿನ ಸೂಸನ್ ಲಾ ಫ್ಲೆಶ್ 1889ರಲ್ಲಿ ತರಗತಿಗೇ ಮೊದಲಿಗಳಾಗಿ ತೇರ್ಗಡೆ ಹೊಂದಿದಳು. ಒಕಾಮಿ ಪದವಿ ಪಡೆದುದೂ ಅದೇ ವರ್ಷ. 1878ರ ಪದವೀಧರೆ ಕ್ಯಾರೊಲಿನ್ ಸ್ಟಿಲ್ ಆಂಡರ್ಸನ್‌ಳ ಪ್ರಸಂಗ ಮತ್ತೊಂದು ಬಗೆಯದು. ಬಾಸ್ಟನ್ನಿನ ಆಸ್ಪತ್ರೆಯೊಂದು ಮೈಬಣ್ಣದ ಕಾರಣದಿಂದ ಆಕೆಯ ತರಬೇತಿಯ ಮನವಿಯನ್ನು ಮೊದಲು ತಿರಸ್ಕರಿಸಿ, ಅನಂತರ ಮುಖತಃ ಕಂಡಾಗ ಒಪ್ಪಿಕೊಂಡಿತು. ಕಾಲೇಜಿನ ಪಟ್ಟಿಯಲ್ಲಿ ಆಕೆಯ ಹೆಸರು ಪದವೀಧರೆಯರ ಸಾಲಿನಲ್ಲಿ ಉಳಿದವರಂತೆಯೇ ನಿಂತಿದೆ. ಬಾಸ್ಟನ್ನಿನ ಸಂಗತಿಯನ್ನು ಹುಡುಕುವವನು ಆ ಪಟ್ಟಿಯನ್ನು ಮಡಿಸಿಟ್ಟು ಹೊರಗೆ ಹೊರಡಬೇಕು.